ಒಣಗಿದ ಮೇಲಿನ ಹಸಿರು

ಹಸಿ ಬಣ್ಣವನ್ನು ನಂಬಬಾರದು ಎನ್ನುವುದು ಆ ಮನೆಯಲ್ಲಿ ಮೂರು ತಲೆಮಾರಿನಿಂದ ಬಂದ ಮಾತು. ಬಕೆಟ್ಟಿನಲ್ಲಿ ಕಡುವಾಗಿ ಕಾಣುವುದು ಕಾಗದದ ಮೇಲೆ ಒಣಗಿದರೆ ತಿಳಿಯಾಗಿಬಿಡುತ್ತದೆ. ಅದಕ್ಕೇ ಒಂದು ಕಾಗದದ ಪಟ್ಟಿಗೆ ಬಳಿದು, ಕಿಟಕಿಯಲ್ಲಿ ಒಣಗಿಸಿ, ಮನೆಯ ಹಿರಿಯರು ನೋಡಿ ‘ಸೈ’ ಅನ್ನಬೇಕು. ಆಮೇಲೆ ಎದುರಾಡುವಂತಿಲ್ಲ, ಅಚ್ಚು ಬಣ್ಣಕ್ಕೆ ಇಳಿಯುತ್ತದೆ. ಗೋಡೆಗೆ ಅಂಟಿಸುವ ಚಿತ್ತಾರದ ಕಾಗದದ ಈ ಕಸುಬು ಶುರುಮಾಡಿದ ಅಜ್ಜ ಸೈ ಅನ್ನುತ್ತಿದ್ದರು, ಆಮೇಲೆ ಮಾವ, ಮಾವ ಹೋದಮೇಲೆ ಅತ್ತೆ.

ಇವತ್ತು ಬೆಳಗಿನಿಂದ ಸೊಸೆಗೆ ಒಂದೇ ಚಿಂತೆ. ಅಜ್ಜ ಅಚ್ಚೊತ್ತಿದ ಹಸಿರು ಬಳ್ಳಿಯ ಕಾಗದ ದೊಡ್ಡ ಬಂಗಲೆಯೊಂದರಲ್ಲಿ ಇನ್ನೂ ಇತ್ತು. ಒಂದು ಗೋಡೆ ಮಾತ್ರ ನೀರಿಳಿದು ಹಾಳಾಗಿತ್ತು. ಅದಕ್ಕೆ ಹೊಸದು ಬೇಕು, ಉಳಿದ ಗೋಡೆಗಳಿಗೆ ಹೊಂದಬೇಕು. ಬಂಗಲೆಯ ಇಂಜಿನಿಯರು ಸಂಜೆ ನಮೂನೆ ನೋಡಲು ಬರುವವರಿದ್ದರು. ಅಜ್ಜನ ಹಸಿರು ಅಜ್ಜನ ಮನೆಯವರಿಗೇ ಬರಲಿಲ್ಲ ಅನ್ನಿಸಿಕೊಂಡರೆ ಆಮೇಲೆ ಈ ಬಾಗಿಲು ತಟ್ಟುವವರು ಯಾರು?

ಹೋದ ವಾರ ಅವಳು ಜ್ವರದಲ್ಲಿ ಮಲಗಿದ್ದಾಗ ಅತ್ತೆ ಸೈ ಅಂದಿದ್ದ ತಿಳಿಹಳದಿ ಕಾಗದ, ಬಣ್ಣ ತಪ್ಪಿದೆಯೆಂದು ವಾಪಸು ಬಂದಿತ್ತು. ಅಂದಿನಿಂದ ಅತ್ತೆಯ ಕಣ್ಣಿಗೆ ಪೊರೆ ಬಂದಿದೆಯೇ ಎಂಬ ಅನುಮಾನ ಅವಳ ನಿದ್ದೆ ಕೆಡಿಸಿತ್ತು. ಇವತ್ತು ಅತ್ತೆಯ ಮುಖ ನೋಡಲೂ ಧೈರ್ಯ ಸಾಲದೆ ಬಕೆಟ್ಟಿಗೆ ತಲೆ ಬಗ್ಗಿಸಿದ್ದಳು.

“ಇನ್ನೊಂದು ಚಮಚ ನೀಲಿ ಹಾಕಮ್ಮ,” ಅಂದರು ಅತ್ತೆ.

ಹಾಕಿದಳು. ಒಣಗಿದ ಪಟ್ಟಿ ಬಂಗಲೆಯಿಂದ ತಂದ ಹಳೆಯ ಚೂರಿನ ಪಕ್ಕ ನವಿಲಿನ ಕತ್ತಿನಂತೆ ನೀಲಿಗಟ್ಟಿತ್ತು.

“ಸೈ,” ಅಂದರು ಅತ್ತೆ.

ಅಚ್ಚೊತ್ತುವವನು ಅಚ್ಚು ಎತ್ತಿದ. “ಇದೇನು ಬಳ್ಳಿನೋ, ಸಮುದ್ರನೋ?”

“ಏನಯ್ಯಾ ಗೊಣಗ್ತೀಯ?”

“ಏನಿಲ್ಲಮ್ಮಾ, ಅಚ್ಚು ಭಾರ ಅಂದೆ.”

“ತಡೀರಿ!” ಸೊಸೆ ಅಚ್ಚಿಗೆ ಕೈ ಅಡ್ಡ ಹಿಡಿದಳು. “ಅತ್ತೆ, ನೀಲಿ ಜಾಸ್ತಿಯಾಯ್ತು.”

ಅವನು ಅಚ್ಚು ಕೆಳಗಿಟ್ಟು, ನೀರು ಕುಡಿದು ಬರ್ತೀನಿ ಎಂದು ಜಾಗ ಖಾಲಿಮಾಡಿದ.

ಅತ್ತೆ ಸಿಡುಕಲಿಲ್ಲ. “ಮತ್ತೆ ಆಗಲೇ ಯಾಕೆ ಹೇಳ್ಲಿಲ್ಲ? ಬಾಯಲ್ಲಿ ಬೇಡ, ಮುಖದಲ್ಲಾದ್ರೂ?”

“ಮುಖದಲ್ಲಾ?”

“ಬಣ್ಣ ಕೆಟ್ರೆ ನಿನ್ನ ಹುಬ್ಬು ಗಂಟಾಗುತ್ತೆ ಕಣೆ. ಎರಡು ವರ್ಷದಿಂದ ನಾನು ನೋಡ್ತಿರೋದು ಆ ಹುಬ್ಬನ್ನೇ. ಲೋಕವೆಲ್ಲ ಟೀ ನೀರಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತೆ ನನಗೆ. ಇವತ್ತು ನೀನು ತಲೇನೇ ಎತ್ತಲಿಲ್ಲ. ನಾನು ಎಲ್ಲಿ ನೋಡ್ಲಿ?”

“ಒಂದು ಮಾತು ಹೇಳಬಾರದಿತ್ತಾ ಅತ್ತೆ?”

“ಹೇಳಿ ಏನ್ಮಾಡ್ಲಿ? ಸೈ ಅನ್ನೋದು ಬಿಟ್ಟು ಮೂಲೇಲಿ ಕೂತು ಅಂಟು ಕಲಸ್ಲಾ?”

ಸೊಸೆಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು. ಎರಡಕ್ಕೂ ಪುರುಸೊತ್ತಿರಲಿಲ್ಲ. ಹೊಸ ಬಕೆಟ್ಟಿನಲ್ಲಿ ಬಣ್ಣ ಕಲಸಿ, ಪಟ್ಟಿಗೆ ಬಳಿದು ಕಿಟಕಿಗಿಟ್ಟಳು. ಒಣಗಲು ಇಷ್ಟು ಹೊತ್ತು ಬೇಕೆ! ಅಂಚು ಇನ್ನೂ ಹಸಿಯಿರುವಾಗಲೇ ಹೊರಗೆ ಇಂಜಿನಿಯರ ಕಾರು ನಿಂತ ಸದ್ದಾಯಿತು. ರೂಢಿಯಂತೆ ಅತ್ತೆಯ ಕಡೆ ತಿರುಗಿದಳು.

ಅತ್ತೆ ಕನ್ನಡಕ ತೆಗೆದು ಕಣ್ಣು ಮುಚ್ಚಿ ಕೂತಿದ್ದರು. “ನನ್ನ ಮುಖದಲ್ಲೇನೂ ಬರೆದಿಲ್ಲ. ಪಟ್ಟಿ ನೋಡು.”

ನೋಡಿದಳು. ಹಳೆಯ ಚೂರಿನ ಪಕ್ಕ ಇಟ್ಟಳು. ಹೊಂದಿದೆಯೋ, ಹೊಂದಲಿ ಎಂಬ ಆಸೆಗೆ ಹಾಗೆ ಕಾಣುತ್ತಿದೆಯೋ? ಕೇಳೋಣವೆಂದರೆ ನೋಡಿ ಹೇಳುವವರು ಯಾರೂ ಇರಲಿಲ್ಲ. ಮರಳಿ ಬಂದಿದ್ದ ಅಚ್ಚೊತ್ತುವವನು ಅವಳ ಹುಬ್ಬನ್ನೇ ನೋಡುತ್ತಿದ್ದ.

“ಸೈ,” ಅಂದಳು.

ಅಚ್ಚು ಬಣ್ಣಕ್ಕೆ ಇಳಿಯಿತು. ಅತ್ತೆ ಕಣ್ಣು ಮುಚ್ಚಿಕೊಂಡೇ ತಡಕಾಡಿ, ಅಂಟಿನ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.