ದೊಣೆಯ ನೀರು

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆ. ರಾಯಲ್ಪಾಡಿನ ಕಡೆಯ ದೊಣೆಗುಟ್ಟೆಯನ್ನು ಮುನಿಯಲ್ಲಮ್ಮ ಬೆಳಗ್ಗೆಯೇ ಹತ್ತತೊಡಗಿದ್ದಳು. ಗುಟ್ಟೆ ಅಂದರೆ ಅದೇನು ಮಹಾ ಪರ್ವತವಲ್ಲ. ದನ ಕಾಯುವವರು ಬಾಯಲ್ಲಿನ ಎಲೆಅಡಿಕೆ ಮುಗಿಯುವಷ್ಟರಲ್ಲಿ ನೆತ್ತಿ ಮುಟ್ಟುತ್ತಾರೆ. ಆದರೆ ಆ ಬಿಸಿಲು! ಬಂಡೆಯ ಮೇಲೆ ಕಾಲಿಟ್ಟರೆ ಅಂಗಾಲು ಚುರ್ ಅನ್ನುತ್ತಿತ್ತು. ಕಾಡು ಅಂತ ಹೆಸರಷ್ಟೇ, ಎಲೆ ಉದುರಿಸಿಕೊಂಡು ನಿಂತ ಮರಗಳ ಕೆಳಗೆ ನೆರಳು ಎಲ್ಲಿಂದ ಬರಬೇಕು?

ಮನೆಯಲ್ಲಿ ಆರು ವರ್ಷದ ಮಗಳು ಆದಿಲಕ್ಷ್ಮಿ ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು. ಸಿಡುಬು. ಊರಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಮ್ಮ ಬಂದವ್ಳೆ ಅನ್ನುತ್ತಾರೆ. ಗುಟ್ಟೆಯ ನೆತ್ತಿಯ ಬಂಡೆಯಲ್ಲಿ ಯಾವ ಬೇಸಿಗೆಗೂ ಬತ್ತದ ಒಂದು ದೊಣೆ ಇದೆ. ಹೆತ್ತವಳೇ ಅದರ ನೀರು ತಂದು ಮಗುವಿನ ಮೈಗೆ ಚಿಮುಕಿಸಿದರೆ ಅಮ್ಮ ತಣ್ಣಗಾಗಿ ಹೊರಟುಹೋಗುತ್ತಾಳೆ ಎಂದು ಎಲ್ಲರ ನಂಬಿಕೆ.

ಹೊರಡುವಾಗ ಅತ್ತೆ ದೊಡ್ಡಗಂಗಮ್ಮ ತಡೆದು ಹೇಳಿದ್ದಳು. "ನೀರು ತುಂಬಿದ್ಮೇಲೆ ಯಾರತ್ರಾನೂ ಮಾತಾಡ್ಬಾರ್ದು ಕಣೇ. ಮೊದಲ್ನೇ ಮಾತು ಮಗೀಗೇ ಆಡ್ಬೇಕು. ಗುಟ್ಟೆ ನಿನ್ನೋರ ಗಂಟಲಲ್ಲೇ ಕೂಗ್ತದೆ. ಓಗೊಟ್ಯೋ, ಮಗು ನಮ್ಗಿಲ್ಲ."

ನೆತ್ತಿ ಮುಟ್ಟಿದ ಮುನಿಯಲ್ಲಮ್ಮ ದೊಣೆಗೆ ಕೈಮುಗಿದು ಚೊಂಬು ತುಂಬಿದಳು, ಚೊಂಬಿನ ಬಾಯಿಗೆ ಮುತ್ತುಗದೆಲೆ ಮುಚ್ಚಿದಳು. ನಾಲಿಗೆ ಒಣಗಿ ಅಂಟಿಕೊಂಡಿದ್ದರೂ ಒಂದು ಗುಟುಕು ಕುಡಿಯಲಿಲ್ಲ. ಮಗಳ ಪಾಲಿನ ನೀರನ್ನು ತಾಯಿ ಕುಡಿಯುವುದುಂಟೆ?

ಅರ್ಧ ಇಳಿದಿರಬೇಕು. ಕೆಳಗಿನಿಂದ ಕೂಗು ಬಂತು.

"ಲೇ ಮುನಿಯಲ್ಲೀ! ಎಲ್ಲಿದ್ದೀಯೇ? ನೀರು ಗೀರು ಬಿಸಾಕಿ ಬಾರೇ ಬೇಗ! ಮಗು ನಿನ್ನೇ ಕೇಳ್ತಾ ಐತೆ!"

ಗಂಡ ಗಂಗುಲಪ್ಪನ ಗಂಟಲು. ನಡುನಡುವೆ ಬರುವ ಕೆಮ್ಮು ಕೂಡ ಅವನದೇ. ಓ ಅನ್ನಲು ಬಾಯಿ ತೆರೆದವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕೆಮ್ಮನ್ನೂ ಕಲಿತಿದೆಯಲ್ಲ ಈ ಹಾಳು ಗುಟ್ಟೆ! ನೀರು ಬಿಸಾಕು ಅಂತ ಹೆತ್ತ ಅಪ್ಪ ಹೇಳುತ್ತಾನೆಯೇ? ಅವಳಿಗೆ ಖಾತ್ರಿಯಾಯಿತು. ಕಾರೆಮುಳ್ಳಿನ ಪೊದೆಯೊಳಗೆ ನುಸುಳಿ, ಬೆನ್ನು ಗೀರಿದರೂ ಉಸಿರು ಬಿಗಿಹಿಡಿದು ಕೂತಳು. ಕೂಗು ಹತ್ತಿರ ಬಂತು, ಪಕ್ಕದಲ್ಲೇ ಹಾದು ಮೇಲಕ್ಕೆ ಹೋಯಿತು, ಹೋಗುತ್ತಾ ಹೋಗುತ್ತಾ ಅಳುವಾಯಿತು. ಅವಳು ಕಣ್ಣು ತೆರೆಯಲೇ ಇಲ್ಲ. ಆಮೇಲೆ ಆ ದಾರಿಯ ಸಹವಾಸವೇ ಬೇಡವೆಂದು ಗುಟ್ಟೆಯ ಆಚೆ ಮಗ್ಗುಲಲ್ಲಿ ಇಳಿದು, ಕೆರೆ ಸುತ್ತಿಕೊಂಡು ಊರು ಸೇರಿದಳು. ದಾರಿಯುದ್ದಕ್ಕೂ ಒಳಗೊಳಗೇ ಹಿಗ್ಗು. ಗೆದ್ದೆನಲ್ಲ!

ಮನೆಯ ಮುಂದೆ ಹೆಂಗಸರು ನಿಂತಿದ್ದರು. ಗಂಗುಲಪ್ಪ ಜಗುಲಿಯ ಮೇಲೆ ಕುಸಿದಿದ್ದ. ಕಾಲೆಲ್ಲ ಮುಳ್ಳು ಗೀರಿದ ರಕ್ತ, ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು.

"ಎಷ್ಟು ಕೂಗಿದ್ನೇ... ಅಮ್ಮ ಎಲ್ಲಿ, ಅಮ್ಮ ಎಲ್ಲಿ ಅಂತಾನೇ ಇತ್ತಂತೆ. ನಿನ್ನ ಹುಡುಕ್ತಾ ಹೋಗಿ ಕೊನೇ ಗಳಿಗೇಲಿ ನಾನೂ ಇಲ್ದಂಗಾದೆ."

ದೊಡ್ಡಗಂಗಮ್ಮ ಗೋಡೆಗೆ ಮುಖ ಮಾಡಿಕೊಂಡಳು. ಹಾಗಾದರೆ ಕೂಗಿದ್ದು ಗುಟ್ಟೆಯಲ್ಲ. ಆದರೂ ಮುನಿಯಲ್ಲಮ್ಮ ಗಂಡನಿಗೆ ಉತ್ತರ ಕೊಡಲಿಲ್ಲ, ಅತ್ತೆಯನ್ನು ಒಂದು ಮಾತು ಅನ್ನಲಿಲ್ಲ. ಚೊಂಬು ಹಿಡಿದು ಒಳಗೆ ಹೋಗಿ ಬೇವಿನ ಸೊಪ್ಪಿನ ಪಕ್ಕ ಕೂತಳು. ಮಗಳ ಹಣೆಗೆ, ಕೆನ್ನೆಗೆ, ಆಗಲೇ ತಣ್ಣಗಾಗಿದ್ದ ಅಂಗೈಗೆ ನೀರು ಚಿಮುಕಿಸಿದಳು.

"ಬಂದೆ ಕಣೇ ಆದೀ," ಅಂದಳು. "ಯಾರತ್ರಾನೂ ಮಾತಾಡ್ಲಿಲ್ಲ. ನಿಮ್ಮಪ್ಪ ಕೂಗಿದ್ರೂ ಮಾತಾಡ್ಲಿಲ್ಲ."