ಮೂರನೆಯ ಸಲದ ನೀರು

ನಾನು ಬೆರಳುದ್ದದ ಒಂದು ಮರದ ಗೊಂಬೆ. ಹಿರೇಕೊತ್ತಲದ ಬಡಿಗನ ಮನೆಯಲ್ಲಿ, ಬಾಗಿಲು ಮಾಡಿ ಉಳಿದ ಬೇವಿನ ತುಂಡಿನಿಂದ ಹುಟ್ಟಿದೆ. ನನ್ನ ಜೊತೆಗೆ ಇನ್ನೂ ನೂರಾ ನಲವತ್ತು ಮಂದಿ ಹುಟ್ಟಿದರು. ನಮ್ಮನ್ನು ಮಾಡಿಸಿದವರು ಗುರುಸಿದ್ದಪ್ಪ ಮಾಸ್ತರು. ಊರಿನ ಕೋಟೆ ಬಿದ್ದ ಕಾಳಗವನ್ನು ಪಾಠದಲ್ಲಿ ಹೇಳಿ ಹೇಳಿ ಅವರಿಗೆ ಸಾಕಾಗಿತ್ತಂತೆ. ದೊಡ್ಡ ಮೇಜಿನ ಮೇಲೆ ಮಣ್ಣಿನ ಕೋಟೆ ಕಟ್ಟಿ, ದಾಳ ಉರುಳಿಸಿ, ಆ ಕಾಳಗವನ್ನು ಊರವರ ಕೈಯಿಂದಲೇ ಆಡಿಸಲು ಹೊರಟರು.

ನನ್ನ ಕೈಗೆ ಕತ್ತಿ ಬಂತು. ಅದರ ಜೊತೆಗೆ ಜಂಬವೂ ಬಂತು, ಸುಳ್ಳೇಕೆ ಹೇಳಲಿ?

ವರ್ಷಕ್ಕೊಮ್ಮೆ, ಕೋಟೆ ಬಿದ್ದ ದಿನ, ಗ್ರಂಥಾಲಯದ ಹಾಲಿನಲ್ಲಿ ಆಟ. ವೈರಿಯ ಕಡೆಗೆ ಯಾವಾಗಲೂ ನಿವೃತ್ತ ಸುಬೇದಾರ ರುದ್ರಗೌಡರು. "ನಮ್ಮ ಕೋಟಿಗೆ ನಾನ ಮುತ್ತಿಗಿ ಹಾಕಬೇಕು, ಏನ್ ಕರ್ಮ ನೋಡ್ರಿ!" ಎನ್ನುತ್ತ ಕೂರುತ್ತಿದ್ದರು. ಆಟ ಮುಗಿದ ಮೇಲೆ ಬಿದ್ದ ಗೊಂಬೆಗಳನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸುವರು. ಯಾರ ದಾಳಕ್ಕೆ ಗೊಂಬೆ ಬಿತ್ತೋ ಅವರೇ ಎದ್ದು ನಿಂತು, ಆ ಗೊಂಬೆ ಯಾವ ಸೈನಿಕನದೋ ಅವನ ಹೆಸರನ್ನು, ಕಾಳಗದಲ್ಲಿ ಕಾದವರ ಪಟ್ಟಿಯಿದ್ದ ವಹಿಯಿಂದ ಓದಬೇಕು. ಸೇರಿದ ಜನವೆಲ್ಲ ಎದ್ದು ನಿಲ್ಲುತ್ತಿತ್ತು.

ನಾಲ್ಕನೆಯ ವರ್ಷ ಮೇಜಿನಿಂದ ಬಿದ್ದೆ. ಕತ್ತಿಯ ಸಮೇತ ಕೈ ಮುರಿಯಿತು. ಎರಡು ವರ್ಷ ಸೀಮೆಸುಣ್ಣದ ಡಬ್ಬಿಯಲ್ಲಿ ಕೊಳೆತೆ.

ಒಂದು ದಿನ ದಾವಲಸಾಬ ಪಖಾಲಿ ಎಂಬ ದರ್ಜಿ ಬಂದರು. ಅರವತ್ತು ದಾಟಿದ ಮನುಷ್ಯ.

"ಮಾಸ್ತರ, ಈ ಮೇಜಿನ ಮ್ಯಾಲ ನಮ್ಮ ಮುತ್ಯಾ ಎಲ್ಲಿ ಅದಾನ್ರೀ?"

ಪಖಾಲಿಯೆಂದರೆ ನೀರು ಹೊರುವ ಚರ್ಮದ ಚೀಲ. ಅವರ ಅಜ್ಜನ ಅಜ್ಜ, ಆ ಮುತ್ಯಾ, ಕಾಳಗದ ದಿನ ಹೊರಗಿನ ಬಾವಿಯಿಂದ ಬುರುಜಿಗೆ ಎರಡು ಸಲ ನೀರು ಹೊತ್ತು, ಮೂರನೆಯ ಸಲ ಗುಂಡು ತಿಂದನಂತೆ. ಅವನನ್ನೂ ವಹಿಯಲ್ಲಿ ಓದಬೇಕು, ಇಷ್ಟೇ ಅವರ ಬೇಡಿಕೆ.

"ಹೆಸರೇನು?" ಸುಬೇದಾರರು ಕೇಳಿದರು.

"ಗೊತ್ತಿಲ್ರೀ. ಮನ್ಯಾಗ ಎಲ್ಲಾರೂ ಪಖಾಲಿ ಮುತ್ಯಾ ಅಂತಿದ್ರು."

"ಹೆಸರ ಇಲ್ಲದಾಂವನ್ನ ಹ್ಯಾಂಗ ಓದೂದು? ಅದೂ ಅಲ್ದ, ಅಂವ ಕಾದಾಡಿದಾಂವ ಅಲ್ಲ. ನೀರು ಹೊತ್ತಾಂವ."

ದಾವಲಸಾಬರು ತಲೆ ತಗ್ಗಿಸಿದರು. ಮಾಸ್ತರಿಗೆ ತಡೆಯಲಾಗಲಿಲ್ಲ. "ಮೇಜಿನ ಮ್ಯಾಲ ಇಳಸೋಣ. ಬಿದ್ದರ ಓದೋಣ," ಎಂದು ಡಬ್ಬಿಯಿಂದ ನನ್ನನ್ನು ತೆಗೆದರು. ದಾವಲಸಾಬರೇ ಹಳೆಯ ಬೆಲ್ಟಿನ ಚರ್ಮದಿಂದ ಚೀಲ ಹೊಲಿದು ನನ್ನ ಬೆನ್ನಿಗೆ ಅಂಟಿಸಿದರು. ಕತ್ತಿ ಹಿಡಿದವನಿಗೆ ಇದೆಂಥ ಗತಿ ಬಂತಪ್ಪ ಎಂದು ಒಳಗೊಳಗೇ ಕುದಿದೆ.

ಹೊಸ ನಿಯಮವೂ ಬಂತು. ಬುರುಜಿನ ಸೈನಿಕರಿಗೆ ನೀರು ಮುಟ್ಟದೆ ಅವರ ಬಂದೂಕುಗಳು ಹಾರುವಂತಿಲ್ಲ. ನಾನು ಬಾವಿಗೆ ಹೋದಾಗಲೆಲ್ಲ ಸುಬೇದಾರರು ದಾಳ ಉರುಳಿಸಬೇಕು. ಒಂದು ಬಿದ್ದರೆ ನಾನು ಸತ್ತೆ.

ಆಟದ ದಿನ ದಾವಲಸಾಬರು ನನ್ನನ್ನು ಮುಷ್ಟಿಯಲ್ಲಿ ಹಿಡಿದು ಕೂತರು. ಅವರ ಸರದಿ ಬಂತು, ಕೈ ಮಾತ್ರ ಬಿಚ್ಚಲಿಲ್ಲ.

"ಹೊರಗ ಕಳಿಸಿದ್ರ ಸಾಯ್ತಾನ್ರೀ."

"ಆಟ ಐತೋ ದಾವಲಸಾಬ," ಎಂದರು ಸುಬೇದಾರರು.

"ನಿಮಗ ಆಟ ರೀ."

ಅವರ ಅಂಗೈ ಬೆವರಿ ನಾನೆಲ್ಲ ಒದ್ದೆಯಾದೆ. ಆ ಮುತ್ಯಾನನ್ನು ವಹಿಯಲ್ಲಿ ಓದಬೇಕಾದರೆ ದಾವಲಸಾಬರೇ ಅವನನ್ನು ಸಾವಿಗೆ ಕಳಿಸಬೇಕು. ಕತ್ತಿಗಾಗಿ ಕುದಿದದ್ದಕ್ಕೆ ನನಗೆ ಆಗ ನಾಚಿಕೆಯಾಯಿತು.

ಕೊನೆಗೆ ನನ್ನನ್ನು ಕೋಟೆಯ ಬಾಗಿಲಾಚೆ ಇಟ್ಟರು. ನಾಲ್ಕು ಬಿತ್ತು. ಎರಡನೆಯ ಸಲ ಆರು.

"ಸಾಕು," ಎಂದರು ಸುಬೇದಾರರು. ದನಿ ಮೆತ್ತಗಾಗಿತ್ತು. "ಒಳಗ ಇಟ್ಟುಬಿಡು. ಬದುಕ್ಲಿ."

ದಾವಲಸಾಬರು ಬುರುಜನ್ನೇ ನೋಡಿದರು. "ಮ್ಯಾಲಿನ ಸಾಲಿನವ್ರು ಇನ್ನೂ ನೀರಡಿಸ್ಯಾರ್ರೀ. ನಮ್ಮ ಮುತ್ಯಾ ನಿಂತಿದ್ದಿಲ್ಲ."

ಮತ್ತೆ ಹೊರಗಿಟ್ಟರು. ದಾಳ ಉರುಳಿತು. ಒಂದು.

ಆಟ ಮುಗಿದು ನನ್ನನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿದರು. ನನ್ನ ಸರದಿ ಬಂದಾಗ ಸುಬೇದಾರರು ವಹಿ ಹಿಡಿದು ಎದ್ದರು. ಆ ಸಾಲಿನಲ್ಲಿ ಹೆಸರಿರಲಿಲ್ಲ. ವಹಿ ಮುಚ್ಚಿ ದಾವಲಸಾಬರ ಕಡೆ ತಿರುಗಿದರು. ಆಮೇಲೆ ಕೇಳಿದರು: "ಸಾಯೋವಾಗ ಅವನ ಬಾಯಾಗ ಯಾರರ ಹನಿ ನೀರು ಬಿಟ್ಟಿದ್ರೇನು?"

"ಇಲ್ರೀ. ಯಾರ ಹಂತ್ಯಾಕ ಇತ್ತು ನೀರು? ತರಾಂವ ಅವನ ಇದ್ದ."

ಸುಬೇದಾರರು ತಮ್ಮ ಕುಡಿಯುವ ಲೋಟದಲ್ಲಿ ಬೆರಳದ್ದಿ ನನ್ನ ಬಾಯಿಗೆ ಒಂದು ಹನಿ ಬಿಟ್ಟರು. ನೆಟ್ಟಗೆ ನಿಂತು, ಕವಾಯತಿನ ದನಿಯಲ್ಲಿ ಕೂಗಿದರು: "ಪಖಾಲಿ ಮುತ್ಯಾ! ಮೂರು ಸಲ ನೀರಿಗೆ ಹೋದಾಂವ!"

ದಾವಲಸಾಬರು ಟೊಪ್ಪಿಗೆಯಲ್ಲಿ ಮುಖ ಮುಚ್ಚಿ ಅತ್ತರು. ನಿಂತಿದ್ದ ಜನ ಬಹಳ ಹೊತ್ತು ಕೂರಲಿಲ್ಲ.

ಇದಾಗಿ ಹನ್ನೆರಡು ವರ್ಷ. ಸುಬೇದಾರರೂ ದಾವಲಸಾಬರೂ ಈಗಿಲ್ಲ. ನಾನು ಗಾಜಿನ ಕಪಾಟಿನಲ್ಲಿದ್ದೇನೆ. ಪ್ರತಿ ವರ್ಷ ಇಳಿಯುತ್ತೇನೆ. ನಾನು ಬಿದ್ದ ವರ್ಷ ಬೀಳಿಸಿದವರು, ಬದುಕಿದ ವರ್ಷ ಮಾಸ್ತರು ಆ ಹನಿಯನ್ನು ಬಿಡುತ್ತಾರೆ; ಒಂದು ವರ್ಷವೂ ತಪ್ಪಿಲ್ಲ. ತುಟಿಯ ಬಣ್ಣ ಹೋಗಿದೆ, ಎದೆಯಲ್ಲಿ ಬಿರುಕು ಬಿದ್ದಿದೆ.

"ನೀರು ಬಿಡೂದು ನಿಲ್ಲಸ್ರಿ ಮಾಸ್ತರ," ಎಂದ ಬಡಿಗ ಮೊನ್ನೆ. "ಇಲ್ಲಾಂದ್ರ ಇದು ಸೀಳತೈತಿ."

ಮಾಸ್ತರು ಹೂಂ ಎಂದರು. ಆದರೆ ಆಟದ ದಿನ ಬಂದಾಗ ತಾವೇ ಲೋಟ ತಂದರು. ನನ್ನದೇನೂ ತಕರಾರಿಲ್ಲ, ಸೀಳಿದರೆ ಸೀಳಲಿ. ಆ ಹನಿ ಪಖಾಲಿ ಮುತ್ಯಾನಿಗೆ ಸೇರಬೇಕಾದದ್ದು. ಅವನ ಪರವಾಗಿ ನಾನು ಕುಡಿಯುತ್ತೇನೆ.