ಥರ್ಮನ್ ಅಣ್ಣ ಕೈ ನೋಡುತ್ತಿದ್ದರು

ಜುಲೈ ತಿಂಗಳ ಉರಿಬಿಸಿಲಿನಲ್ಲಿ ಕಂದು ಉಣ್ಣೆಯ ಕೋಟು ತೊಟ್ಟು, ಕಂಕುಳಲ್ಲಿ ರೆಕಾರ್ಡ್ ಪ್ಲೇಯರ್ ಇರುಕಿಕೊಂಡು, ಬಲಗಿವಿಯನ್ನು ಮುಂದೆ ಮಾಡಿ ಓರೆಯಾಗಿ ನಡೆಯುತ್ತ ಒಬ್ಬರು ನಮ್ಮ ಜಗಲಿ ಹತ್ತಿದರು. ಎಡಗಿವಿ ಗಣಿಯ ಸಿಡಿಮದ್ದಿಗೆ ಹೋಗಿತ್ತು. ನಮ್ಮ ಕೆಂಟಕಿ ಗುಡ್ಡಗಳ ವಾರಪತ್ರಿಕೆಗೆ ಹೊಸ ಹಾಡುಗಳ ವಿಮರ್ಶೆ ಬರೆಯುತ್ತಿದ್ದ ಥರ್ಮನ್ ಕಾಡಿಲ್ ಅವರನ್ನು ನಾನು ಮೊದಲು ಕಂಡದ್ದು ಹಾಗೆ.

"ಏನಣ್ಣಾ, ಆ ಕೋಟನ್ನ ಮೈಗೇ ಹೊಲಿದುಬಿಟ್ಟಿದ್ದಾರಾ?" ಎಂದರು ನನ್ನ ಗಂಡ ಹೋಬರ್ಟ್.

"ಪೆನ್ಸಿಲ್ ಇದರ ಜೇಬಲ್ಲಿರೋದು ಕಣಪ್ಪಾ. ಬಿಚ್ಚಿಟ್ರೆ ಬರೆಯೋದೇ ಮರೆತುಹೋಗುತ್ತೆ."

ನಾನು ಹುರುಳಿಕಾಯಿಯ ನಾರು ತೆಗೆದು, ಚಳಿಗಾಲಕ್ಕೆ ಒಣಗಿಸಲು ದಾರಕ್ಕೆ ಪೋಣಿಸುತ್ತಿದ್ದೆ. ಹಾಡು ಹಾಕಿ, ಜೋಳದ ರೊಟ್ಟಿಯನ್ನು ಮಜ್ಜಿಗೆಯ ಲೋಟಕ್ಕೆ ಮುರಿದುಕೊಂಡು ತಿನ್ನುತ್ತ ಕುಳಿತ ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಕೈ ನಿಂತ ಹಾಡಿಗೆ, ಅದು ಎದೆಗೆ ತಾಕಿತೆಂದು ಕಾಗದದಲ್ಲಿ ಒಂದು ಗೀಟು.

"ಬಾಯಿ ಮುಲಾಜಿಗೆ ಹೊಗಳುತ್ತೆ ಓಮಾ. ಕೈಗೆ ಮುಲಾಜಿಲ್ಲ."

ಹನ್ನೆರಡು ವರ್ಷ ಹಾಗೇ ಬಂದರು. ಅಕ್ಷರ ಕೂಡಿಸಿಕೊಂಡು ಓದುವ ನನಗೆ ತಾವು ಬರೆದದ್ದನ್ನು ಓದಿ ಹೇಳಿಯೇ ಪತ್ರಿಕೆಗೆ ಕಳಿಸುತ್ತಿದ್ದರು.

ಗಣಿ ಕುಸಿದು ಹೋಬರ್ಟ್ ತೀರಿಕೊಂಡ ಬೇಸಿಗೆಯಲ್ಲೇ 'ಬೂದಿಹಳ್ಳ' ತಂಡದ ಹೊಸ ಆಲ್ಬಮ್ ಬಂತು. ಬ್ಯಾಂಜೊ, ಪಿಟೀಲು, ಎಲ್ಲ ಸಾವಿನ ಹಾಡುಗಳು. ಹಾಡುವ ಡೆಲ್ಫಿಯಾ ನಮ್ಮ ಮೇಲಿನ ಮನೆಯವಳು. ಪಟ್ಟಣದ ಪತ್ರಿಕೆಗಳು ಆ ಕತ್ತಲೆಯನ್ನು ಹೊಗಳಿದ್ದೇ ಹೊಗಳಿದ್ದು. ಒಂಬತ್ತನೆಯ ಹಾಡಿನಲ್ಲಿ ಒಬ್ಬಾಕೆ ಗಣಿಯ ಬಾಯಲ್ಲಿ ಕಾಯುತ್ತಾಳೆ, ಗಂಡನ ಊಟದ ಡಬ್ಬಿಯಷ್ಟೇ ಮೇಲೆ ಬರುತ್ತದೆ. ಅಣ್ಣ ಅದನ್ನು ನಮ್ಮ ಜಗಲಿಯಲ್ಲಿ ಹಾಕಿದಾಗ, ಕೈ ನಿಲ್ಲಿಸಿದರೆ ಮತ್ತೆ ಎತ್ತಲಾರೆನೆಂದು ಹೆದರಿ, ಬೆರಳಿಗೆ ಸೂಜಿ ಚುಚ್ಚಿದರೂ ನಾನು ಪೋಣಿಸುತ್ತಲೇ ಹೋದೆ.

ಅಣ್ಣ ಬರೆದರು: "ಇಲ್ಲಿ ಕತ್ತಲೆಯಿದೆ, ಸತ್ತವರಿಲ್ಲ." ಓದಿ ಹೇಳಿದಾಗಲೂ, ಆ ಹಾಡು ತಾಕಿತ್ತೆಂದು ನಾನು ಬಾಯಿ ಬಿಡಲಿಲ್ಲ.

ಡೆಲ್ಫಿಯಾ ಆ ಪತ್ರಿಕೆ ಹಿಡಿದು ನನ್ನ ಜಗಲಿಗೆ ಬಂದಳು. "ಊರಾಚೆಯವರು ಹೊಗಳಿದ್ರೇನು ಓಮತ್ತೆ, ನಮ್ಮೋರಿಗೇ ಬೇಡವಾದೆನಲ್ಲ!" ಆಮೇಲೆ ಅವಳು ನಮ್ಮ ಕಡೆ ಹಾಡಲೇ ಇಲ್ಲ.

ಆರು ವರ್ಷದ ನಂತರ ಅಣ್ಣನ ಬಲಗಿವಿಯೂ ಹೋಯಿತು, ಹಾಸಿಗೆ ಹಿಡಿದರು. ಕೋಟು ಕಂಬಳಿಯ ಮೇಲಿತ್ತು. ಹುರುಳಿಕಾಯಿಯ ಬುಟ್ಟಿಯೊಡನೆ 'ಬೂದಿಹಳ್ಳ'ದ ಆ ರೆಕಾರ್ಡನ್ನೂ ಒಯ್ದು, ಅವರಿಗೆ ತೋರಿಸಿ, ಎದುರು ಕುಳಿತು ಹಾಕಿದೆ. ಒಂಬತ್ತನೆಯ ಹಾಡಿಗೆ ನನ್ನ ಕೈ ನಿಂತುಹೋಯಿತು. ಅವರಿಗೆ ಹಾಡು ಕೇಳಿಸಲಿಲ್ಲ, ಕೈ ಕಂಡಿತು.

"ಅವತ್ತೂ ಹೀಗೇ ನಿಲ್ಲಬೇಕಿತ್ತಾ?"

ಹೌದೆಂದು ತಲೆಯಾಡಿಸಿದೆ. ಬೈಯುತ್ತಾರೆಂದು ಕಾದೆ.

ಹಾಡು ಹೇಗಿದೆಯೆಂದು ತೀರ್ಪು ಕೊಡುವವರನ್ನು ನಾನು ಬಹಳ ಮಂದಿಯನ್ನು ಕಂಡಿದ್ದೇನೆ. ಕೊಟ್ಟ ತೀರ್ಪನ್ನು ತಿದ್ದಬೇಕಾದೀತೆಂದು ಕಡೆಯ ಹಾಸಿಗೆಯಲ್ಲೂ ಪೆನ್ಸಿಲ್ ಕೈಗೆಟುಕುವಂತೆ ಇಟ್ಟುಕೊಳ್ಳುವ ಜಾತಿಯವರು ಅಪರೂಪ. ಅಣ್ಣ ಕೋಟಿನ ಜೇಬು ತಡಕಿ ಪೆನ್ಸಿಲ್ ತೆಗೆದರು. ಬೆರಳಿಂದ ಅದು ಎರಡು ಸಲ ಜಾರಿತು. ಮೂರನೆಯ ಸಲ ಹಿಡಿದು ನನ್ನ ಕಡೆ ಚಾಚಿದರು.

"ನೀನೇ ಬರೀತೀಯೇನಮ್ಮಾ?"